ಕೊಡಗಿನ ಮಳೆಯ ಒಂದು ಲೆಕ್ಕ ಸೊಮಾಲಿಯಾದ ದಡದಲ್ಲಿದೆ

ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಕೊಟ್ಟ ಕೂಡಲೇ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಎಲ್ ನಿನೊ, ಅಂದರೆ ನಮ್ಮ ಮುಂಗಾರನ್ನು ಸೊರಗಿಸುತ್ತದೆ ಎನ್ನುವ ಪೆಸಿಫಿಕ್ ಸಾಗರದ ಕಾವು. ಈ ಸಲ ಇದೆಯಂತೆ, ಇಲ್ಲವಂತೆ, ಜುಲೈ ಕಳೆದ ಮೇಲೆ ಬರುತ್ತದಂತೆ. ಕಾಫಿಯ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಸಕಾಲಕ್ಕೆ ಬಂತೇ ಎಂದು ಲೆಕ್ಕ ಹಾಕುತ್ತಿರುವ ಕಾಫಿ ಬೆಳೆಗಾರನ ಮುಂದಿನ ನಾಲ್ಕು ತಿಂಗಳ ಹಣೆಬರಹವನ್ನು ಸುಮಾರು ಹದಿನೈದು ಸಾವಿರ ಕಿಲೊಮೀಟರ್ ದೂರದ ಪೆಸಿಫಿಕ್ ಸಾಗರದ ಉಷ್ಣತೆಯಲ್ಲಿ ಓದುವುದು ರೂಢಿಯಾಗಿಬಿಟ್ಟಿದೆ. ಆ ಓದು ತಪ್ಪಲ್ಲ. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೇವೆ. 1997ರಲ್ಲಿ ಇಪ್ಪತ್ತನೆಯ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಎದ್ದಿತ್ತು. ಬರಗಾಲ ಬಂದೇಬಿಟ್ಟಿತು ಎಂದು ದೇಶವೇ ಹೆದರಿತ್ತು. ಕೊನೆಗೆ ಆ ವರ್ಷದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 102ರಷ್ಟು ಸುರಿಯಿತು. ಪೆಸಿಫಿಕ್ ಹೇಳಿದ್ದನ್ನು ಹಿಂದೂ ಮಹಾಸಾಗರ ತಿದ್ದಿ ಬರೆದಿತ್ತು.

ನಮ್ಮ ಮಳೆಯನ್ನು ಹೀಗೆ ತಿದ್ದಿ ಬರೆಯುವ ಶಕ್ತಿಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವುದು ಸಾಗರದ ಅಂಚಿನ ಪ್ರವಾಹಗಳು. ಖಂಡಗಳ ದಡಕ್ಕೆ ಒತ್ತಿಕೊಂಡು ನದಿಯಂತೆ ಹರಿಯುವ ಈ ಪ್ರವಾಹಗಳು ಪ್ರತಿ ವರ್ಷ ಒಂದೇ ವೇಗದಲ್ಲಿ, ಒಂದೇ ಹೊತ್ತಿಗೆ ಹರಿಯುವುದಿಲ್ಲ. ಆ ಏರುಪೇರು ಪಶ್ಚಿಮ ಘಟ್ಟದ ಮಳೆಯೊಳಗೂ ಇಳಿದು ಬರುತ್ತದೆ. ಸಮುದ್ರವೇ ಇಲ್ಲದ ಜಿಲ್ಲೆ ಎಂದು ನಾವು ಅದರ ಗೊಡವೆಗೆ ಹೋಗಿಲ್ಲ. ಹೋಗಬೇಕು ಎಂಬುದು ನನ್ನ ವಾದ.

ಮೊದಲು ಗಾಳಿಯ ದಾರಿಯನ್ನು ನೋಡೋಣ. ಮೇ ಕೊನೆಯ ಹೊತ್ತಿಗೆ ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟ ಗಾಳಿ ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ತಾಗಿ, ಅದರ ಪಕ್ಕದಲ್ಲೇ ಭೂಮಧ್ಯರೇಖೆಯನ್ನು ದಾಟಿ, ಸೊಮಾಲಿಯಾ ಕರಾವಳಿಯನ್ನು ಸವರಿಕೊಂಡು ಅರಬ್ಬಿ ಸಮುದ್ರದ ಮೇಲೆ ನಮ್ಮತ್ತ ಬಾಗುತ್ತದೆ. ಜಾನ್ ಫಿಂಡ್‌ಲೇಟರ್ ಎಂಬ ಬ್ರಿಟಿಷ್ ಹವಾಮಾನ ತಜ್ಞ 1969ರಲ್ಲಿ ಇದನ್ನು ವಿವರವಾಗಿ ಗುರುತಿಸಿದ್ದರಿಂದ ಇದಕ್ಕೆ ಅವರ ಹೆಸರೇ ಉಳಿದಿದೆ. ಈ ಗಾಳಿಯ ರಭಸ ಹೆಚ್ಚಿರುವುದು ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೊಮೀಟರ್ ಎತ್ತರದಲ್ಲಿ. ತಡಿಯಂಡಮೋಳ್‌ನ ಎತ್ತರ 1,748 ಮೀಟರ್, ಪುಷ್ಪಗಿರಿಯದು 1,712. ಮಳೆಗಾಲದಲ್ಲಿ ಕೊಡಗಿನ ಶಿಖರಗಳು ಈ ಗಾಳಿಯ ನಟ್ಟನಡುವಿಗೇ ಎದೆಯೊಡ್ಡಿ ನಿಂತಿರುತ್ತವೆ. ಸೊಮಾಲಿಯಾದಿಂದ ನಮ್ಮ ಕರಾವಳಿಗೆ ಎರಡೂವರೆ ಸಾವಿರ ಕಿಲೊಮೀಟರಿಗೆ ತುಸು ಹೆಚ್ಚು. ಸೆಕೆಂಡಿಗೆ ಹದಿನೈದು ಮೀಟರ್ ವೇಗದ ಗಾಳಿಗೆ ಅದು ಎರಡು ದಿನದ ಹಾದಿ. ಬ್ರಹ್ಮಗಿರಿಯ ಮೇಲೆ ಇವತ್ತು ಮೋಡವಾಗಿ ಕವಿದ ಗಾಳಿಯಲ್ಲಿ ಬಹುಪಾಲು ಮೊನ್ನೆ ಆಫ್ರಿಕಾದ ದಡದ ನೀರನ್ನು ಸವರಿ ಬಂದದ್ದು.

ಆ ದಡದಲ್ಲಿ ಹರಿಯುವುದು ಸೊಮಾಲಿ ಪ್ರವಾಹ. ಭೂಮಿ ತಿರುಗುವುದರಿಂದ ಹುಟ್ಟುವ ಬಲ ಅಕ್ಷಾಂಶದಿಂದ ಅಕ್ಷಾಂಶಕ್ಕೆ ಬದಲಾಗುವ ಕಾರಣ ಸಾಗರಗಳ ಪಶ್ಚಿಮ ಅಂಚಿನಲ್ಲೇ ಪ್ರವಾಹಗಳು ಕಿರಿದಾಗಿ, ಬಿರುಸಾಗಿ ಹರಿಯುತ್ತವೆ. ಇದನ್ನು 1948ರಲ್ಲಿ ಹೆನ್ರಿ ಸ್ಟೊಮೆಲ್ ತೋರಿಸಿಕೊಟ್ಟರು. ಅಟ್ಲಾಂಟಿಕ್‌ನ ಗಲ್ಫ್ ಸ್ಟ್ರೀಮ್, ಜಪಾನಿನ ಕುರೊಶಿಯೊ, ದಕ್ಷಿಣ ಆಫ್ರಿಕಾದ ಅಗುಲ್ಹಾಸ್ ಎಲ್ಲವೂ ಇದೇ ಕುಲದವು. ಅವೆಲ್ಲ ವರ್ಷವಿಡೀ ಒಂದೇ ದಿಕ್ಕಿಗೆ ಹರಿದರೆ ಸೊಮಾಲಿ ಪ್ರವಾಹ ವರ್ಷಕ್ಕೆ ಎರಡು ಬಾರಿ ದಿಕ್ಕು ಬದಲಿಸುತ್ತದೆ. ಚಳಿಗಾಲದಲ್ಲಿ ದಕ್ಷಿಣಕ್ಕೆ, ಮುಂಗಾರಿನಲ್ಲಿ ಉತ್ತರಕ್ಕೆ. ಮುಂಗಾರಿನ ಉಚ್ಛ್ರಾಯದಲ್ಲಿ ಸೆಕೆಂಡಿಗೆ ಎರಡು ಮೀಟರ್ ಮೀರಿದ ವೇಗ, ಕೆಲವು ಕಡೆ ಮೂರು ಮೀಟರಿಗೂ ಹೆಚ್ಚು. ಹೀಗೆ ಓಡುವ ನೀರು ಐದರಿಂದ ಹತ್ತು ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ದಡ ಬಿಟ್ಟು ಹೊರಳಿ, ನಾಲ್ಕೈದು ನೂರು ಕಿಲೊಮೀಟರ್ ಅಗಲದ ಮಹಾಸುಳಿಯೊಂದನ್ನು ಕಟ್ಟುತ್ತದೆ. ದಡದಿಂದ ಮೇಲ್ನೀರು ಸರಿದು ಹೋದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಮೇ ತಿಂಗಳಲ್ಲಿ ಸುಡುತ್ತಿದ್ದ ಸಮುದ್ರ ಜುಲೈನಲ್ಲಿ ಐದು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ತಣ್ಣಗಾಗಿರುತ್ತದೆ.

ಇಲ್ಲಿಂದ ಮುಂದಿನದು ನನಗೆ ಈ ವಿಷಯದಲ್ಲೇ ಅತ್ಯಂತ ಮುಖ್ಯವಾಗಿ ಕಾಣುವ ಭಾಗ. ಗಾಳಿ ಜೋರಾದಷ್ಟೂ ಮಳೆ ಜೋರು ಎಂದು ನಾವು ಎಣಿಸುತ್ತೇವೆ. ಗಾಳಿ ಜೋರಾದರೆ ಆವಿ ಹೆಚ್ಚು ಹೊತ್ತು ತರುವುದು ನಿಜ. ಅದೇ ಗಾಳಿ ಸೊಮಾಲಿಯಾ, ಒಮಾನ್ ದಡಗಳಲ್ಲಿ ತಣ್ಣೀರನ್ನೂ ಹೆಚ್ಚು ಎಬ್ಬಿಸುತ್ತದೆ. ತಣ್ಣಗಿನ ನೀರಿನಿಂದ ಆವಿ ಏಳುವುದು ಕಡಿಮೆ. ಹೀಗೆ ಮುಂಗಾರು ತನ್ನ ರಭಸಕ್ಕೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಮಳೆಗಾಲಕ್ಕೆ ಮುನ್ನ ಆ ದಡದಲ್ಲಿ ತಣ್ಣೀರು ಏಳುವುದು ಕಡಿಮೆಯಾದರೆ ಏನಾಗುತ್ತದೆ? ತಾಕೇಶಿ ಇಝುಮೊ ಮತ್ತು ಸಂಗಡಿಗರು 2008ರಲ್ಲಿ ಇದನ್ನೇ ಪರೀಕ್ಷಿಸಿದರು. ಬೇಸಿಗೆಯ ಕೊನೆಯಲ್ಲಿ ಅಲ್ಲಿ ತಣ್ಣೀರು ಕಡಿಮೆ ಎದ್ದ ವರ್ಷಗಳಲ್ಲಿ ಸಮುದ್ರ ಬಿಸಿಯಾಗಿಯೇ ಉಳಿದು, ಆವಿ ಹೆಚ್ಚಾಗಿ, ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಮಳೆ ಹೆಚ್ಚುತ್ತದೆ ಎಂದು ಅವರು ಕಂಡರು. ಪಶ್ಚಿಮ ಕರಾವಳಿಯ ಮಳೆ ಎಂದರೆ ಅದು ಘಟ್ಟ ಹತ್ತುವ ಮಳೆ, ಭಾಗಮಂಡಲಕ್ಕೂ ಬಿರುನಾಣಿಗೂ ಬೀಳುವ ಮಳೆ. ಏಪ್ರಿಲ್, ಮೇ ತಿಂಗಳ ಸೊಮಾಲಿಯಾದ ನೀರಿನಲ್ಲಿ ಕೊಡಗಿನ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯ ಒಂದು ಸುಳಿವು ಇದೆ ಎಂದಾಯಿತು.

ಇದು ಆ ದಡದ ಕಥೆ. ಈ ದಡದಲ್ಲಿ, ಮಂಗಳೂರು, ಕಣ್ಣೂರುಗಳ ಎದುರಿಗೆ, ಇನ್ನೊಂದು ಪ್ರವಾಹವಿದೆ. ಸಾಗರ ವಿಜ್ಞಾನಿಗಳು ಪಶ್ಚಿಮ ಭಾರತ ಕರಾವಳಿ ಪ್ರವಾಹ ಎನ್ನುತ್ತಾರೆ. ಮಳೆಗಾಲದಲ್ಲಿ ಅದು ದಕ್ಷಿಣಕ್ಕೆ ಹರಿಯುತ್ತದೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ ಗಾಳಿಗೆ ಎದುರಾಗಿ ಉತ್ತರಕ್ಕೆ ಹರಿಯುತ್ತದೆ. ಗಾಳಿಗೆ ಎದುರು ಹರಿಯಲು ಬಲ ಎಲ್ಲಿಂದ ಬಂತು? ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಈ ಪ್ರಶ್ನೆಯ ಬೆನ್ನು ಹತ್ತಿ ಕಂಡುಕೊಂಡ ಉತ್ತರ ಸೊಗಸಾಗಿದೆ. ಬಂಗಾಳಕೊಲ್ಲಿಯಲ್ಲಿ, ಶ್ರೀಲಂಕಾದ ಸುತ್ತ ಬೀಸಿದ ಗಾಳಿ ಸಮುದ್ರದಲ್ಲಿ ಒಂದು ಬಗೆಯ ಅಲೆಯನ್ನು ಎಬ್ಬಿಸುತ್ತದೆ. ಕಣ್ಣಿಗೆ ಕಾಣದ, ನೀರಿನ ಮಟ್ಟವನ್ನು ಕೆಲವೇ ಸೆಂಟಿಮೀಟರ್ ಏರಿಳಿಸುವ ಈ ಕೆಲ್ವಿನ್ ಅಲೆ ದಡವನ್ನು ಬಲಕ್ಕೆ ಇಟ್ಟುಕೊಂಡೇ ಸಾಗುತ್ತದೆ. ಭಾರತದ ಪೂರ್ವ ಕರಾವಳಿಯನ್ನು ಇಳಿದು, ಶ್ರೀಲಂಕಾವನ್ನು ಬಳಸಿ, ಕನ್ಯಾಕುಮಾರಿಯಿಂದ ನಮ್ಮತ್ತ ಏರಿ ಬರುತ್ತದೆ. ದಿನಕ್ಕೆ ಸುಮಾರು ಇನ್ನೂರು ಕಿಲೊಮೀಟರ್ ವೇಗ. ಬಂಗಾಳಕೊಲ್ಲಿಯಲ್ಲಿ ಎದ್ದದ್ದರ ಫಲ ಕೆಲವೇ ವಾರಗಳಲ್ಲಿ ಕರಾವಳಿ ಕರ್ನಾಟಕದ ಕಡಲಿನಲ್ಲಿ ಕಾಣಿಸುತ್ತದೆ. ಈ ಪ್ರವಾಹ, ಜೊತೆಗೆ ಮಳೆಗಾಲದಲ್ಲಿ ಕೆಳಗಿನಿಂದ ಏಳುವ ತಣ್ಣೀರು, ಮೀನಿನ ಹಣೆಬರಹವನ್ನೂ ಬರೆಯುತ್ತವೆ. ವಿರಾಜಪೇಟೆ, ಮಡಿಕೇರಿ ಮಾರುಕಟ್ಟೆಯಲ್ಲಿ ಬೂತಾಯಿ, ಬಂಗುಡೆ ಒಂದು ವರ್ಷ ರಾಶಿ ಬಿದ್ದು ಮರುವರ್ಷ ಕೈಗೆಟುಕದಂತೆ ಆಗುವುದರ ಹಿಂದೆ ಬಲೆಯ ಅತಿಯಾಸೆ ಎಷ್ಟಿದೆಯೋ ನೀರಿನ ಈ ಏರುಪೇರೂ ಅಷ್ಟೇ ಇದೆ ಎಂದು ನನಗನಿಸುತ್ತದೆ.

ಚಳಿಗಾಲದ ಹರಿವು ಇನ್ನೊಂದು ಕೆಲಸ ಮಾಡುತ್ತದೆ. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ ತಂದು ಸುರಿದ ಸಿಹಿನೀರಿನಿಂದ ಬಂಗಾಳಕೊಲ್ಲಿಯ ಮೇಲ್ನೀರಿನಲ್ಲಿ ಉಪ್ಪು ಕಡಿಮೆ. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಪೂರ್ವ ಕರಾವಳಿಯ ಪ್ರವಾಹ ಈ ನೀರನ್ನು ದಕ್ಷಿಣಕ್ಕೆ ಒಯ್ಯುತ್ತದೆ, ಶ್ರೀಲಂಕಾ ದಾಟಿದ ಮೇಲೆ ಅದು ಲಕ್ಷದ್ವೀಪದ ಸುತ್ತಲಿನ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಉಪ್ಪು ಕಡಿಮೆಯಾದ ಹಗುರ ನೀರು ಭಾರದ ಉಪ್ಪುನೀರಿನ ಮೇಲೆ, ಕಾಯಿಸಿದ ಹಾಲಿನ ಮೇಲಿನ ಕೆನೆಯಂತೆ, ಪದರವಾಗಿ ನಿಲ್ಲುತ್ತದೆ. ಕೆಳಗಿನ ತಣ್ಣೀರಿನ ಜೊತೆ ಬೆರೆಯಲು ಅದು ಬಿಡುವುದಿಲ್ಲ. ಫೆಬ್ರವರಿಯಿಂದ ಬಿಸಿಲು ಕಾಯಿಸಿದ ಶಾಖವೆಲ್ಲ ಮೇಲೆಯೇ ಉಳಿದು, ಏಪ್ರಿಲ್ ಮೇ ಹೊತ್ತಿಗೆ ಆ ಭಾಗದ ನೀರು 30 ಡಿಗ್ರಿ ದಾಟುತ್ತದೆ. ಮುಂಗಾರು ಕೇರಳಕ್ಕೆ ಕಾಲಿಡುವ ಹೊತ್ತಿನಲ್ಲಿ ಎಷ್ಟೋ ವರ್ಷ ಅದನ್ನು ಎಳೆದು ತರುವ ಗಾಳಿಯ ಸುಳಿ ಹುಟ್ಟುವುದು ಈ ಬಿಸಿ ಕೊಳದ ಮೇಲೆ. 2002 ಮತ್ತು 2003ರಲ್ಲಿ ನಮ್ಮ ವಿಜ್ಞಾನಿಗಳು ಅರಬ್ಬಿ ಸಮುದ್ರ ಮುಂಗಾರು ಪ್ರಯೋಗ ಎಂಬ ಹೆಸರಿನಲ್ಲಿ ಹಡಗು ತೆಗೆದುಕೊಂಡು ಹೋಗಿ ಅಳೆದದ್ದರಲ್ಲಿ ಈ ಬಿಸಿ ಕೊಳವೂ ಒಂದು.

ತಲಕಾವೇರಿಯಲ್ಲಿ ಹುಟ್ಟಿದ ನೀರೂ ಪೂಂಪುಹಾರ್ ಬಳಿ ಇದೇ ಕೊಲ್ಲಿಗೆ ಸೇರುತ್ತದೆ, ಹಾಗಾಗಿ ಕೊಡಗಿನ ಮಳೆ ಕೊಡಗಿಗೇ ಮರಳಿ ಬರುತ್ತದೆ ಎಂದು ಹೇಳಲು ಆಸೆಯಾಗುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಕಾವೇರಿ ನ್ಯಾಯಮಂಡಳಿ ಎಣಿಸಿದ ಇಡೀ ಕಣಿವೆಯ ನೀರು 740 ಟಿಎಂಸಿ, ಅದರಲ್ಲಿ ಸಮುದ್ರ ಮುಟ್ಟುವುದು ಅಲ್ಪ. ಗಂಗೆ, ಬ್ರಹ್ಮಪುತ್ರಗಳು ಸುರಿಯುವ ನೀರು ಆ 740 ಟಿಎಂಸಿಯ ಸುಮಾರು ಐವತ್ತು ಪಟ್ಟು. ಇನ್ನು ಸಾಗರದ ಅಳತೆಗೆ ಬಂದರೆ, ಅಗುಲ್ಹಾಸ್ ಪ್ರವಾಹದಲ್ಲಿ ಸೆಕೆಂಡಿಗೆ ಏಳೂವರೆ ಕೋಟಿ ಘನಮೀಟರಿನಷ್ಟು ನೀರು ಹರಿಯುತ್ತದೆ. ಎರಡು ರಾಜ್ಯಗಳು ನೂರು ವರ್ಷ ಜಗಳವಾಡಿದ ಕಾವೇರಿಯ ಒಂದು ವರ್ಷದ ನೀರು ಅಲ್ಲಿ ಐದು ನಿಮಿಷದೊಳಗೆ ಹಾದು ಹೋಗುತ್ತದೆ. ಇಷ್ಟು ದೊಡ್ಡ ಹರಿವಿನಲ್ಲಿ ಶೇಕಡಾ ಐದರ ವ್ಯತ್ಯಾಸವಾದರೂ ಅದು ಹೊರುವ ಶಾಖದ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಆ ವ್ಯತ್ಯಾಸವನ್ನು ಅಳೆಯುವುದೇ ಕಷ್ಟ. ಅಮೆರಿಕದ ಫ್ಲಾರಿಡಾ ಮತ್ತು ಬಹಾಮಾಸ್ ನಡುವೆ ಹರಿಯುವ ಪ್ರವಾಹವನ್ನು 1982ರಿಂದ ಸಮುದ್ರದ ತಳದ ಟೆಲಿಫೋನ್ ಕೇಬಲ್ ಬಳಸಿ ಅಳೆಯುತ್ತಿದ್ದಾರೆ. ಉಪ್ಪುನೀರು ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವಾಗ ಕೇಬಲ್ಲಿನಲ್ಲಿ ಹುಟ್ಟುವ ಸಣ್ಣ ವೋಲ್ಟೇಜ್‌ನಿಂದ ಹರಿವನ್ನು ಲೆಕ್ಕ ಹಾಕುವ ವಿಧಾನ ಇದು. ನಾಲ್ಕು ದಶಕಗಳಲ್ಲಿ ಪ್ರವಾಹ ಸುಮಾರು ಶೇ 4ರಷ್ಟು ಕುಂದಿದೆ ಎಂದು 2023ರಲ್ಲಿ ಸುದ್ದಿಯಾಯಿತು. ಮರುವರ್ಷ ಇನ್ನೊಂದು ತಂಡ ಭೂಮಿಯ ಕಾಂತಕ್ಷೇತ್ರವೇ ಈ ಅವಧಿಯಲ್ಲಿ ಬದಲಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಆಗ ಆ ಕುಸಿತ ಬಹುಮಟ್ಟಿಗೆ ಕರಗಿಹೋಯಿತು. ಪ್ರವಾಹ ಹೆಚ್ಚುಕಡಿಮೆ ಸ್ಥಿರವಾಗಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಕಾಲ ಅಳೆದ ಪ್ರವಾಹದ ಪಾಡೇ ಹೀಗಿರುವಾಗ, ಸೊಮಾಲಿಯಾದ ಬಗ್ಗೆ ಯಾರಾದರೂ ಎದೆ ತಟ್ಟಿ ದೀರ್ಘಾವಧಿಯ ಭವಿಷ್ಯ ನುಡಿದರೆ ನಾನು ನಂಬುವುದಿಲ್ಲ. ಖಚಿತವಾಗಿ ಹೇಳಬಹುದಾದದ್ದು ಉಷ್ಣತೆಯ ವಿಚಾರ. ಪಶ್ಚಿಮ ಅಂಚಿನ ದೊಡ್ಡ ಪ್ರವಾಹಗಳ ನೀರು ಜಗತ್ತಿನ ಸಾಗರಗಳ ಸರಾಸರಿಗಿಂತ ಎರಡು ಮೂರು ಪಟ್ಟು ವೇಗವಾಗಿ ಕಾದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ ಲೆಕ್ಕದಂತೆ ಪಶ್ಚಿಮ ಹಿಂದೂ ಮಹಾಸಾಗರ 1901ರಿಂದ 2012ರ ನಡುವೆ ಮುಂಗಾರಿನ ತಿಂಗಳುಗಳಲ್ಲಿ 1.2 ಡಿಗ್ರಿ ಕಾದಿದೆ. ಅರಬ್ಬಿ ಸಮುದ್ರದ ಗಾಳಿ ಮೊದಲಿಗಿಂತ ಹೆಚ್ಚು ಹೊಯ್ದಾಡುತ್ತಿದೆ ಎಂಬುದನ್ನೂ, ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟಾದದ್ದನ್ನೂ ಅದೇ ತಂಡ ಜೋಡಿಸಿ ತೋರಿಸಿದೆ.

ಸಾಗರದ ಪೂರ್ವದ ಅಂಚನ್ನೂ ಮರೆಯುವಂತಿಲ್ಲ. ಇಂಡೊನೇಷ್ಯಾದ ಸುಮಾತ್ರಾ ದಡದಲ್ಲಿ ತಣ್ಣೀರು ಎದ್ದು, ಆಫ್ರಿಕಾದ ಕಡೆ ನೀರು ಕಾದಾಗ ಆಗುವ ತೂಗಾಟಕ್ಕೆ ಹಿಂದೂ ಮಹಾಸಾಗರ ದ್ವಿಧ್ರುವ ಎನ್ನುತ್ತಾರೆ. ಅದನ್ನು 1999ರಲ್ಲಿ ಜಗತ್ತಿಗೆ ತಿಳಿಸಿದ ನಾಲ್ವರಲ್ಲಿ ಎನ್.ಎಚ್. ಸಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಎಂಬ ಮೂವರು ಭಾರತೀಯರು. 1997ರಲ್ಲಿ ಎಲ್ ನಿನೊದ ಪರಿಣಾಮವನ್ನು ತಡೆದು ನಿಲ್ಲಿಸುವಲ್ಲಿ ಇದರ ಪಾಲಿತ್ತು. 2019ರಲ್ಲಿ ಇದು ಅತಿ ಪ್ರಬಲವಾಗಿತ್ತು. ಜೂನ್‌ನಲ್ಲಿ ಸೊರಗಿದ್ದ ಮುಂಗಾರು ಆಮೇಲೆ ಎದ್ದು ದೇಶದಲ್ಲಿ ಸರಾಸರಿಯ ಶೇ 110 ಮಳೆ ಸುರಿಸಿ, ಅಕ್ಟೋಬರ್ 9ರವರೆಗೆ ಹಿಂತಿರುಗುವ ಹೆಸರೇ ಎತ್ತಲಿಲ್ಲ.

ಹಾಗಾದರೆ 2018? ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳೇ ಜರಿದು ಮನೆ, ಗದ್ದೆ, ತೋಟಗಳನ್ನು ಒಯ್ದವು. ಅದೇ ವರ್ಷ ದೇಶದ ಮುಂಗಾರು ಸರಾಸರಿಯ ಶೇ 91 ಮಾತ್ರ. ದೇಶದ ಲೆಕ್ಕದಲ್ಲಿ ಮಳೆ ಕೊರತೆಯ ವರ್ಷ, ಕೊಡಗಿನ ಲೆಕ್ಕದಲ್ಲಿ ಮರೆಯಲಾಗದ ಪ್ರಳಯ. ಒಡಿಶಾ ಕರಾವಳಿಯ ಬಳಿ ಎದ್ದ ವಾಯುಭಾರ ಕುಸಿತ ಅರಬ್ಬಿ ಸಮುದ್ರದ ಗಾಳಿಯನ್ನು ಘಟ್ಟದ ಮೇಲೆ ಎಳೆದದ್ದು ಆ ವಾರದ ನೇರ ಕಾರಣ. ಇಂತಹ ವಾರಗಳನ್ನು ಯಾವ ಸಾಗರ ಪ್ರವಾಹದ ತಲೆಗೂ ಕಟ್ಟಲಾಗದು. ಪ್ರವಾಹಗಳು ಮಾಡುವುದು ಸಮುದ್ರದ ಉಗ್ರಾಣದಲ್ಲಿ ಶಾಖ ಎಷ್ಟಿರಬೇಕು, ಎಲ್ಲಿರಬೇಕು ಎಂಬ ತೀರ್ಮಾನವನ್ನು. ಅದನ್ನು ಯಾವ ದಿನ ಸುರಿಯಬೇಕು ಎಂಬುದನ್ನು ಆ ದಿನದ ಗಾಳಿಯೇ ತೀರ್ಮಾನಿಸುತ್ತದೆ. ಸುರಿದ ಮಳೆಗೆ ಗುಡ್ಡ ತಡೆದುಕೊಳ್ಳಬೇಕೋ ಜರಿಯಬೇಕೋ ಎಂಬುದರಲ್ಲಿ ನಮ್ಮ ಕೈಯೂ ಇದೆ. ರಸ್ತೆಗಾಗಿ, ಮನೆಗಾಗಿ, ಹೋಂಸ್ಟೇಗಾಗಿ ಇಳಿಜಾರಿನ ಬುಡವನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ಬಿಟ್ಟವರು ಸಮುದ್ರದ ಕಡೆ ಬೊಟ್ಟು ಮಾಡುವುದನ್ನು ನಾನು ಒಪ್ಪಲಾರೆ.

ಬೆಳೆಗಾರನಿಗೆ ಬೇಕಾದದ್ದು ನಾಲ್ಕು ತಿಂಗಳ ಒಟ್ಟು ಮೊತ್ತವಲ್ಲ. ಜುಲೈನಲ್ಲಿ ಬಿಡುವಿಲ್ಲದೆ ಹತ್ತು ದಿನ ಸುರಿದರೆ ಕಾಫಿ ಗಿಡದ ಒಳಗೊಂಬೆಗಳಲ್ಲಿ ಕೊಳೆ ರೋಗ ಹತ್ತುತ್ತದೆ. ಎಲೆ ಕಪ್ಪಾಗಿ, ಕಳಚಿದರೂ ಬೀಳದೆ, ಶಿಲೀಂಧ್ರದ ಬಿಳಿ ಎಳೆಯಲ್ಲಿ ಗಾಳಿಗೆ ತೂಗಾಡುತ್ತಿರುತ್ತದೆ. ಪಕ್ಕದ ಗೊಂಚಲಿನ ಎಳೆಕಾಯಿ ಮುಟ್ಟಿದರೆ ಉದುರುತ್ತದೆ. ಕಾಳುಮೆಣಸಿನ ಬಳ್ಳಿಗೆ ಬುಡದಲ್ಲಿ ನೀರು ನಿಂತರೆ ಸೊರಗು ರೋಗ. ಅದೇ ಮಳೆ ಹತ್ತು ದಿನ ತಡೆದರೆ ನಾಟಿ ಮಾಡಿದ ಗದ್ದೆ ಬಿರುಕು ಬಿಡುತ್ತದೆ. 2023ರ ಆಗಸ್ಟ್ ದೇಶದ ಮಟ್ಟಿಗೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕೆಆರ್‌ಎಸ್ ತುಂಬಲಿಲ್ಲ. 2025ರಲ್ಲಿ ಮುಂಗಾರು ಜೂನ್ 1ರ ಬದಲು ಮೇ 24ಕ್ಕೇ ಕೇರಳ ತಲುಪಿತು. ಬೋರ್ಡೊ ಮಿಶ್ರಣ ಸಿಂಪಡಿಸಲು, ಗೊಬ್ಬರ ಹಾಕಲು, ಮರ ಕಪಾತು ಮಾಡಲು ಇಟ್ಟುಕೊಂಡಿದ್ದ ಮೇ ಕೊನೆಯ ವಾರವನ್ನೇ ಮಳೆ ನುಂಗಿತು. ಒಂದು ವಾರ ಮುಂಚೆ ತಿಳಿದಿದ್ದರೆ ಎಷ್ಟು ಲಾಭ ಎಂಬುದನ್ನು ಕೆಲಸದವರಿಗಾಗಿ ಅಲೆದವರೇ ಬಲ್ಲರು.

ಸಮುದ್ರದಲ್ಲಿ ಆ ತಿಳಿವಳಿಕೆ ಇದೆ, ಅದನ್ನು ಹೆಕ್ಕಿ ತೆಗೆಯುವ ಸಾಧನಗಳು ಸಾಲದು. ಜಗತ್ತಿನ ಸಾಗರಗಳಲ್ಲಿ ಸುಮಾರು ನಾಲ್ಕು ಸಾವಿರ ಆರ್ಗೊ ತೇಲುಯಂತ್ರಗಳು ನೀರಿನ ಉಷ್ಣತೆ, ಉಪ್ಪಿನಂಶ ಅಳೆಯುತ್ತಿವೆ. ಅವು ಸಾವಿರ ಮೀಟರ್ ಆಳದಲ್ಲಿ ತಂಗುವಂಥವು, ದಡದ ಹತ್ತಿರ ನಿಲ್ಲಲಾರವು. ಉಪಗ್ರಹಗಳ ನೋಟವೂ ದಡದ ಕೆಲವು ಹತ್ತು ಕಿಲೊಮೀಟರ್ ಒಳಗೆ ಮಬ್ಬಾಗುತ್ತದೆ. ಅಂಚಿನ ಪ್ರವಾಹ ಇರುವುದು ಅಲ್ಲೇ. ಗೋವಾದ ಸಂಸ್ಥೆ ನಮ್ಮ ಕರಾವಳಿಯುದ್ದಕ್ಕೂ ಸಮುದ್ರದಲ್ಲಿ ಲಂಗರು ಹಾಕಿದ ಪ್ರವಾಹಮಾಪಕಗಳನ್ನು ನಡೆಸುತ್ತಿರುವುದರಿಂದ ನಮ್ಮ ದಡದ ಚಿತ್ರ ಸ್ಪಷ್ಟವಾಗುತ್ತಿದೆ. ಒಂದು ವರ್ಷದ ಹರಿವು ಇನ್ನೊಂದು ವರ್ಷದಂತಿಲ್ಲ ಎಂಬುದು ಖಚಿತವಾದದ್ದು ಅದರಿಂದಲೇ. ಸೊಮಾಲಿಯಾದ ಕಡೆ ಅಂತಹ ನಿರಂತರ ಅಳತೆ ಇಲ್ಲ. 2008ರ ಆಸುಪಾಸಿನಿಂದ ಕೆಲವು ವರ್ಷ ಕಡಲ್ಗಳ್ಳರ ಭಯಕ್ಕೆ ಸಂಶೋಧನಾ ಹಡಗುಗಳು ಆ ದಿಕ್ಕಿಗೆ ಸುಳಿಯಲಿಲ್ಲ. ನಮ್ಮ ಮಳೆಗೆ ಅತ್ಯಂತ ಬೇಕಾದ ನೀರಿನ ಮೇಲೆ ದತ್ತಾಂಶದ ದೊಡ್ಡ ಖಾಲಿ ಜಾಗ ಉಳಿದುಹೋಯಿತು. ಅಲ್ಲಿಗೆ ಉಪಕರಣ ಇಡುವುದಕ್ಕೆ ಆಗುವ ಖರ್ಚನ್ನು ಮಲೆನಾಡಿನ ಸಂಸದರು, ಶಾಸಕರು ತಮ್ಮ ಜಿಲ್ಲೆಯ ಖರ್ಚು ಎಂದೇ ನೋಡಬೇಕು.

ಈಚೆ ದಡದಲ್ಲಿ ನಾವೇ ಸರಿಪಡಿಸಿಕೊಳ್ಳಬಹುದಾದದ್ದೂ ಇದೆ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಕೊಡಗು ಬರುವುದು ದಕ್ಷಿಣ ಒಳನಾಡಿನಲ್ಲಿ, ಕೋಲಾರ, ಚಾಮರಾಜನಗರಗಳ ಜೊತೆ. ಆ ಉಪವಿಭಾಗಕ್ಕೆ ಕೊಡುವ ಸರಾಸರಿ ಮುನ್ಸೂಚನೆ ಮಡಿಕೇರಿಗೂ ಹೊಂದುವುದಿಲ್ಲ, ಮಾಲೂರಿಗೂ ಹೊಂದುವುದಿಲ್ಲ. ಋತುವಿನ ಮುನ್ಸೂಚನೆಗೆ ಇಲಾಖೆ ಬಳಸುತ್ತ ಬಂದಿರುವ ಸಾಗರ-ವಾಯುಮಂಡಲದ ಕಂಪ್ಯೂಟರ್ ಮಾದರಿ ಭೂಪಟವನ್ನು ಹಂಚಿಕೊಳ್ಳುವ ಒಂದು ಚೌಕ ಸುಮಾರು 38 ಕಿಲೊಮೀಟರ್ ಅಗಲ. ಅಂತಹ ಮೂರು ಚೌಕದೊಳಗೆ ಇಡೀ ಕೊಡಗು ಮುಗಿದುಹೋಗುತ್ತದೆ. ಭಾಗಮಂಡಲದಲ್ಲಿ ಬೀಳುವ ಮಳೆ ಎರಡು ಗಂಟೆಯ ಬಸ್ ಪ್ರಯಾಣದಷ್ಟು ದೂರದ ಕುಶಾಲನಗರದ ಮಳೆಗಿಂತ ಹಲವು ಪಟ್ಟು. ಸಮುದ್ರದ ಸುಳಿವನ್ನು ತೋಟದ ಮಟ್ಟಕ್ಕೆ ಇಳಿಸಬೇಕಾದರೆ ತೋಟದ ಮಟ್ಟದ ಹಳೆಯ ಲೆಕ್ಕ ಬೇಕು. ಅದು ಕೊಡಗಿನಲ್ಲಿರುವಷ್ಟು ಬೇರೆಲ್ಲೂ ಸಿಗಲಿಕ್ಕಿಲ್ಲ. ಬೆಳಿಗ್ಗೆ ಮಳೆಮಾಪಕದ ಗಾಜಿನ ಅಳತೆಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ‘ಎರಡು ಇಂಚು ಮೂವತ್ತು ಸೆಂಟ್ಸ್’ ಎಂದು ಎಸ್ಟೇಟಿನ ರಿಜಿಸ್ಟರಿನಲ್ಲಿ ಬರೆದಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಗ್ರಾಮ ಪಂಚಾಯಿತಿ ಮಟ್ಟದ ಸರ್ಕಾರಿ ಮಾಪಕಗಳು ಬಂದದ್ದು ಈಚೆಗೆ. ಅದಕ್ಕೂ ಹಿಂದಿನ ದಶಕಗಳ ವಿವರ ಈ ಪುಸ್ತಕಗಳಲ್ಲಿದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವೋ ಪೊನ್ನಂಪೇಟೆಯ ಅರಣ್ಯ ಕಾಲೇಜೋ ಇವನ್ನು ಮನೆಮನೆಯಿಂದ ಕೇಳಿ ಪಡೆದು, ಪುಟ ಪುಟದ ಫೋಟೊ ತೆಗೆದು, ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಕೈ ಹಾಕಬೇಕು. ತೋಟಗಳು ಕೈ ಬದಲಾಗುತ್ತಿವೆ, ಹಳೆಯ ಬಂಗಲೆಗಳು ರೆಸಾರ್ಟ್ ಆಗುತ್ತಿವೆ. ಮನೆಯಲ್ಲಿ ಅಂತಹ ರಿಜಿಸ್ಟರ್ ಇರುವವರು ಸಂಸ್ಥೆಗಳು ಕೇಳಲಿ ಎಂದು ಕಾಯದೆ, ಮೊಬೈಲಿನಲ್ಲಿ ಪ್ರತಿ ಪುಟದ ಚಿತ್ರ ತೆಗೆದು, ಮಾಪಕ ಇದ್ದ ಜಾಗ ಮತ್ತು ಓದುತ್ತಿದ್ದ ಹೊತ್ತನ್ನು ಜೊತೆಗೆ ಬರೆದಿಡಲಿ. ಮಾಪಕವನ್ನು ಯಾವ ವರ್ಷ ಬದಲಿಸಿದರು, ಅದರ ಪಕ್ಕದ ಮರ ಯಾವಾಗ ಬೆಳೆದು ಅಡ್ಡವಾಯಿತು ಎಂಬುದು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಸೇರಿಸಲಿ.